ಬೇಲಿ ಮೇಲಿನ ಕೆಂಪಂಗಿ

ನಮ್ಮ ಮಾರ್ಲೋ ಊರಿನಲ್ಲಿ ಮೇಯರ್ ಯಾರಾಗಬೇಕೆಂಬ ಚಿಂತೆಗೆ ಇದುವರೆಗೆ ಒಬ್ಬನ ನಿದ್ದೆಯೂ ಕೆಟ್ಟದ್ದಿಲ್ಲ. ಕಳೆದ ಸಲ ಚುನಾವಣೆಗೆ ನಿಂತವನು ಒಬ್ಬನೇ ಒಬ್ಬ. ಅವನೂ ಓಟು ಹಾಕುವುದನ್ನು ಮರೆತು ಮೀನು ಹಿಡಿಯಲು ಹೋಗಿದ್ದ. ಆದರೆ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಯಾರು ಎಂಬ ಪ್ರಶ್ನೆ ಎದ್ದಿತೋ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಪಾದ್ರಿಗಳು ಪ್ರಾರ್ಥನೆಯ ನಡುವೆ ತಡವರಿಸುತ್ತಾರೆ, ಹಲ್ಲಿನ ಡಾಕ್ಟರು ರೋಗಿಯ ಬಾಯಿ ತೆರೆಸಿಟ್ಟು ತಾವು ಕಿಟಕಿಯ ಹೊರಗೆ ನೋಡುತ್ತ ನಿಲ್ಲುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಆಡುವುದು; ಹನ್ನೊಂದು ಜನರಲ್ಲಿ ಅದು ಮೊದಲು ಸೇರುವುದು ಅವನ ಕೈಗೆ. ಎಸೆಯಬೇಕೋ, ಓಡಬೇಕೋ, ತನ್ನ ತಂಡದ ಇನ್ನೊಬ್ಬನ ಹೊಟ್ಟೆಗೆ ತುರುಕಬೇಕೋ ಎಂದು ಮೂರೇ ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನು. ಗೆದ್ದರೆ ಊರಿಗೆ ಊರೇ ಅವನ ಹೆಸರು ಹಿಡಿದು ಕೂಗುತ್ತದೆ. ಸೋತರೂ ಅವನ ಹೆಸರನ್ನೇ ಹಿಡಿದು ಕೂಗುತ್ತದೆ, ಹಿಂದೆ ಮುಂದೆ ಒಂದೆರಡು ಮಾತು ಸೇರಿಸಿ.

ನಾನು ಆರ್ಲೋ ಬೆಕ್. ಹತ್ತೊಂಬತ್ತು ವರ್ಷದಿಂದ ಆ ಮೈದಾನದ ಹುಲ್ಲು ಕತ್ತರಿಸಿ ಬಿಳಿ ಗೆರೆ ಎಳೆಯುವವನು ನಾನೇ. ಗೆರೆ ಸೊಟ್ಟಗಾದರೆ ಆಟವೇ ಸೊಟ್ಟ ಎಂಬುದು ನನ್ನ ಸಿದ್ಧಾಂತ. ನನ್ನ ಗೆರೆ ತುಳಿದವರ ಜೊತೆ ನಾನು ಮಾತಾಡುವುದಿಲ್ಲ, ಅಂದರೆ ತಂಡದ ಯಾರ ಜೊತೆಗೂ ಮಾತಾಡುವುದಿಲ್ಲ. ನನಗಿರುವ ಒಬ್ಬನೇ ಗೆಳೆಯ ಎಲ್ಡನ್ ಶ್ರಾಮ್. ಅವನೂ ಗೆರೆ ತುಳಿಯುತ್ತಾನೆ, ಆದರೆ ತುಳಿದ ಮೇಲೆ ಟೊಪ್ಪಿ ತೆಗೆದು ಕ್ಷಮೆ ಕೇಳುತ್ತಾನೆ.

ಗ್ಯಾಲರಿಯ ಕೆಳಗೆ ಎರಡು ಕೋಣೆಗಳಿವೆ. ಒಂದರಲ್ಲಿ ನನ್ನ ಹುಲ್ಲಿನ ಯಂತ್ರ, ಇನ್ನೊಂದರಲ್ಲಿ ಎಲ್ಡನ್ನನ ಒಗೆಯುವ ಯಂತ್ರ. ನಡುವೆ ತೆಳ್ಳನೆಯ ಹಲಗೆಯ ಗೋಡೆ. ಇಪ್ಪತ್ತೆರಡು ವರ್ಷದಿಂದ ತಂಡದ ಅಂಗಿ, ಚಡ್ಡಿ, ಕಾಲುಚೀಲ ಎಲ್ಲವೂ ಅವನ ಕೈಯಲ್ಲೇ ಬೆಳ್ಳಗಾಗುತ್ತ ಬಂದಿವೆ. ಈ ಇಪ್ಪತ್ತೆರಡು ವರ್ಷದಲ್ಲಿ "ನನ್ ಕಾಲುಚೀಲ ಬಂತಾ?" ಎಂಬ ಒಂದು ಪ್ರಶ್ನೆಯನ್ನು ಬಿಟ್ಟರೆ ಅವನನ್ನು ಯಾರೂ ಏನನ್ನೂ ಕೇಳಿದವರಿಲ್ಲ. ಮನುಷ್ಯನಿಗೆ ಇದು ಒಳ್ಳೆಯದಲ್ಲ. ಒಳಗೇ ಏನೋ ಹುಳಿಯುತ್ತದೆ.

ಆ ವರ್ಷ ಇಬ್ಬರು ಹುಡುಗರ ನಡುವೆ ಪೈಪೋಟಿಯಿತ್ತು. ಏಳನೇ ನಂಬರಿನ ಡೇರಿಲ್ ಓಸ್ಟರ್ಮನ್ ನಮ್ಮೂರವನೇ. ಚರ್ಚಿನೆದುರಿನ ಕೆಫೆಯ ಡಾಟ್ ಓಸ್ಟರ್ಮನ್‌ಳ ಒಬ್ಬನೇ ಮಗ. ಹನ್ನೆರಡನೇ ನಂಬರಿನ ಲಮಾಂಟ್ ಟೋಲಿವರ್ ಸೇಂಟ್ ಲೂಯಿಸ್ ಕಡೆಯವನು, ಕಾರಿನಲ್ಲಿ ಒಂಬತ್ತು ಗಂಟೆಯ ದಾರಿ. ಇಬ್ಬರಲ್ಲಿ ಯಾರೆಂದು ಆರಿಸಬೇಕಾದವರು ಕೋಚ್ ಗಸ್ ವಾನೆಕ್. ಒಳ್ಳೆಯ ಮನುಷ್ಯ, ಆಟ ಬಲ್ಲವರು. ಆದರೆ ಎರಡು ವಸ್ತು ಎದುರಿಗಿಟ್ಟರೆ ಅವರ ಕೈಕಾಲು ಬಿದ್ದುಹೋಗುತ್ತದೆ. ಡಾಟ್‌ಳ ಕೆಫೆಯಲ್ಲಿ ತಿಂಡಿ ಪಟ್ಟಿಯನ್ನು ಇಪ್ಪತ್ತು ನಿಮಿಷ ಓದಿ, ಕೊನೆಗೆ ಪಕ್ಕದ ಮೇಜಿನವನು ತಿನ್ನುತ್ತಿರುವುದನ್ನೇ ತರಿಸಿಕೊಳ್ಳುವ ಜಾತಿ.

ಇನ್ನೊಂದು ವಿಷಯ ಹೇಳದೆ ಕಥೆ ಮುಂದೆ ಹೋಗದು. ಅಭ್ಯಾಸದ ದಿನಗಳಲ್ಲಿ ಚೆಂಡು ಹಿಡಿದು ಮುನ್ನುಗ್ಗುವ ಪಂಗಡಕ್ಕೆ ಬಿಳಿ ಅಂಗಿ, ತಡೆಯುವ ಪಂಗಡಕ್ಕೆ ಹಸಿರು ಅಂಗಿ, ಕ್ವಾರ್ಟರ್‌ಬ್ಯಾಕ್‌ಗೆ ಮಾತ್ರ ಕೆಂಪಂಗಿ. ಕೆಂಪು ಕಂಡರೆ ಯಾರೂ ಮೈ ಮುಟ್ಟುವ ಹಾಗಿಲ್ಲ. ಮುಟ್ಟಿದವನು ಗ್ಯಾಲರಿಯ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿ ಇಳಿಯಬೇಕು. ಇಬ್ಬರು ಸ್ಪರ್ಧಿಗಳಿದ್ದದ್ದರಿಂದ ಕೆಂಪಂಗಿಯೂ ಎರಡೇ ಇದ್ದವು.

ಮೊದಲ ಪಂದ್ಯ ಶನಿವಾರ. ಆ ಸೋಮವಾರ ಬೆಳಿಗ್ಗೆ ನಾನೂ ಎಲ್ಡನ್ನೂ ಕೆಫೆಯಲ್ಲಿ ಕೂತಿದ್ದೆವು. ಹಲ್ಲಿನ ಡಾಕ್ಟರ್ ಪೀಬಾಡಿ ತಮ್ಮ ಕಾಫಿ ಎತ್ತಿಕೊಂಡು ನಮ್ಮ ಮೇಜಿಗೇ ಬಂದರು.

"ಏನಯ್ಯಾ ಎಲ್ಡನ್, ದಿನಾ ಕೋಚ್ ಮುಖ ನೋಡೋನು ನೀನು. ಯಾರಂತೆ? ಏಳೋ, ಹನ್ನೆರಡೋ?"

'ಗೊತ್ತಿಲ್ಲ' ಅಂದಿದ್ದರೆ ಮುಗಿದಿತ್ತು. ಒಂದೇ ಒಂದು ಮಾತು. ಆದರೆ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಇಡೀ ಕೆಫೆ ಅವನ ಬಾಯಿಯನ್ನೇ ನೋಡುತ್ತಿತ್ತು. ಕೌಂಟರಿನ ಹಿಂದೆ ಡಾಟ್ ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಮಗನ ವಿಷಯವಾದ್ದರಿಂದ ತಾನಾಗಿ ಕೇಳುವ ಹೆಂಗಸಲ್ಲ ಆಕೆ. ಎಲ್ಡನ್ ಕಾಫಿ ಕೆಳಗಿಟ್ಟ, ಚಾವಣಿ ನೋಡಿದ, ಒಂದು ಸಲ ಕೆಮ್ಮಿದ.

"ಅದನ್ನೆಲ್ಲ ಹೊರಗೆ ಹೇಳೋ ಹಾಗಿಲ್ಲ ಡಾಕ್ಟ್ರೇ."

ಅಷ್ಟೇ. ಅಡ್ಡಗೋಡೆ ಮೇಲೆ ದೀಪ ಇಟ್ಟುಬಿಟ್ಟ.  ಎರಡೇ ನಿಮಿಷದಲ್ಲಿ ಯಾರೂ ಕೇಳದಿದ್ದರೂ ಚೆರಿ ಹಣ್ಣು ತುಂಬಿ ಬೇಯಿಸಿದ ಪೈಯ ಒಂದು ದೊಡ್ಡ ತುಂಡು ಅವನ ಮುಂದೆ ಬಂದು ಕೂತಿತು.

ಹೊರಗೆ ಬಂದ ಮೇಲೆ ಕೇಳಿದೆ: "ನಿಂಗೇನ್ ಗೊತ್ತು?"

"ಏನೂ ಗೊತ್ತಿಲ್ಲ."

"ಮತ್ಯಾಕೆ ಹಾಗಂದೆ?"

"ನಾನೇನ್ ಸುಳ್ಳು ಹೇಳಿದ್ನಾ? ಗೊತ್ತಿಲ್ದೇ ಇರೋದನ್ನ ಹೊರಗೆ ಹೇಳೋಕಾಗುತ್ತಾ?"

ತರ್ಕ ಸರಿಯಾಗಿಯೇ ಇತ್ತು. ಅನಾಹುತಗಳೆಲ್ಲ ಸರಿಯಾದ ತರ್ಕದಿಂದಲೇ ಶುರುವಾಗುವುದನ್ನು ನಾನು ನೋಡಿದ್ದೇನೆ.

ಮಂಗಳವಾರ ಬಟ್ಟೆ ಒಣಗಿಸುವ ಯಂತ್ರದ ಬೆಲ್ಟ್ ಕಿತ್ತುಹೋಯಿತು. ಹೊಸದು ಒಮಾಹಾದಿಂದ ಬರಲು ಒಂದು ವಾರ ಬೇಕು. ಎಲ್ಡನ್ ಒದ್ದೆ ಬಟ್ಟೆಯನ್ನೆಲ್ಲ ಹೊತ್ತು ತಂದು ರಸ್ತೆ ಬದಿಯ ತಂತಿಬೇಲಿಯ ಮೇಲೆ ಹರವಿದ. ನಲವತ್ತು ಬಿಳಿ, ನಲವತ್ತು ಹಸಿರು, ಜಾಗವಿಲ್ಲದೆ ನಡುಮಧ್ಯದ ಕಂಬಕ್ಕೆ ಸಿಕ್ಕಿಸಿದ ಒಂದೇ ಒಂದು ಕೆಂಪು. ಅದರ ಬೆನ್ನ ಮೇಲೆ ಏಳು ಎಂದು ಬರೆದಿತ್ತು.

ಹನ್ನೆರಡನೇ ಕೆಂಪಂಗಿಯ ಕಂಕುಳು ಹರಿದಿತ್ತು. ಅದು ಎಲ್ಡನ್ನನ ಹೆಂಡತಿ ವರ್ನಾಳ ಹೊಲಿಗೆ ಬುಟ್ಟಿಯಲ್ಲಿತ್ತು. ಇದು ನನಗೆ ಗೊತ್ತು, ಎಲ್ಡನ್ನನಿಗೆ ಗೊತ್ತು, ವರ್ನಾಳಿಗೆ ಗೊತ್ತು. ಊರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ರಸ್ತೆಯಲ್ಲಿ ಕಾರುಗಳು ಒಂದರ ಹಿಂದೊಂದು ಶವಯಾತ್ರೆಯ ಹಾಗೆ ನಿಧಾನವಾಗಿ ಸಾಗತೊಡಗಿದವು. ಬೇಲಿಯ ಹತ್ತಿರ ಬಂದಾಗ ಗಾಜು ಇಳಿಯುತ್ತಿತ್ತು, ತಲೆಗಳು ಹೊರಬರುತ್ತಿದ್ದವು. ಗೋಧಿ ಗೋದಾಮಿನ ಮುದುಕನೊಬ್ಬ ಕಾರಿನಿಂದಿಳಿದು, ಅಂಗಿಯ ಎದುರು ಟೊಪ್ಪಿ ತೆಗೆದು ಅರ್ಧ ನಿಮಿಷ ನಿಂತು ಹೋದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಸಂಜೆ ನಾಲ್ಕಕ್ಕೆ ಬ್ಯಾಂಕಿನ ಹಲಗೆಯ ಮೇಲೆ 'ಏಳಕ್ಕೆ ಜಯವಾಗಲಿ' ಎಂದು ಬಿತ್ತು. ಕೆಫೆಯ ಪೈಗಳ ಮೇಲೆಲ್ಲ ಹಿಟ್ಟಿನಲ್ಲಿ ಮಾಡಿದ ಏಳು ಕಾಣಿಸಿತು.

ಡಾಟ್ ತಾನೇ ನಡೆದು ಬಂದಳು. ಆರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಹಗಲು ಹೊತ್ತಿನಲ್ಲಿ ಆಕೆ ಕೌಂಟರ್ ಬಿಟ್ಟು ಆಚೆ ಬಂದದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಎಲ್ಡನ್ನನ ಎರಡೂ ಕೈ ಹಿಡಿದುಕೊಂಡಳು.

"ಡಾಟ್, ಇಲ್ಕೇಳು, ಆ ಅಂಗಿ..."

"ಏನೂ ಹೇಳ್ಬೇಡ ಎಲ್ಡನ್. ನಂಗರ್ಥ ಆಯ್ತು. ಬಾಯಲ್ಲಿ ಹೇಳೋ ಹಾಗಿಲ್ಲ ಅಂತ ಹೀಗೆ ತೋರಿಸಿದೀಯ. ಶನಿವಾರ ಕೆಫೆ ಮುಚ್ತೀನಿ ಕಣೋ. ಅವನು ಆಡೋದನ್ನ ಒಂದ್ ಸಲಾನೂ ಪೂರ್ತಿ ನೋಡಿಲ್ಲ ನಾನು."

ಬಾಯಿಗೆ ಬಂದ ಬಿಸಿ ತುಪ್ಪ. ಉಗುಳಲಾರ, ನುಂಗಲಾರ. ನುಂಗಿದ.

ಬುಧವಾರ ಎಲ್ಡನ್ ಒಗೆದ ಬಟ್ಟೆಯ ಚೀಲಗಳನ್ನು ಹಾಸ್ಟೆಲಿಗೆ ಕೊಡಲು ಹೋದ. ಅಲ್ಲಿ ಪಡಸಾಲೆಯ ಗೋಡೆಗೆ ಒಂದು ಫೋನಿದೆ. ಫೋನಿಗೆ ಹಣೆ ಆನಿಸಿಕೊಂಡು ಲಮಾಂಟ್ ಮಾತಾಡುತ್ತಿದ್ದ.

"ಬರ್ಬೇಡ ಅಮ್ಮಾ... ಹೂಂ, ನಿಂಗಿರೋದೇ ಒಂದು ಶನಿವಾರ ರಜ, ನಂಗೊತ್ತು. ಅದಕ್ಕೇ ಹೇಳ್ತಿರೋದು. ಒಂಬತ್ತು ಗಂಟೆ ಓಡಿಸ್ಕೊಂಡು ಬಂದು, ನಾನು ಆಡದೆ ಬೆಂಚ್ ಮೇಲೆ ಕೂತಿರೋದನ್ನ ನೋಡ್ತೀಯಾ?... ಖಾತ್ರಿ ಅಮ್ಮಾ. ಇಲ್ಲಿ ಬಟ್ಟೆ ಒಗೆಯೋ ಮಿಸ್ಟರ್ ಶ್ರಾಮ್ ಅಂತ ಇದಾರೆ. ಅವ್ರಿಗೆ ಎಲ್ಲಾ ಗೊತ್ತಿರುತ್ತೆ."

ಆ ತಾಯಿ ಸೇಂಟ್ ಲೂಯಿಸ್‌ನಲ್ಲಿ ಸಿಟಿ ಬಸ್ಸು ಓಡಿಸುವವಳು. ಮಗ ಇಲ್ಲಿಗೆ ಸೇರಿ ಒಂದು ವರ್ಷ ಕಳೆದಿತ್ತು, ಒಂದು ಆಟಕ್ಕೂ ಬರಲಾಗಿರಲಿಲ್ಲ. ತಿಂಗಳುಗಟ್ಟಲೆ ಬೇರೆಯವರ ಪಾಳಿ ಮಾಡಿಕೊಟ್ಟು ಈ ಶನಿವಾರವನ್ನು ಸಂಪಾದಿಸಿದ್ದಳಂತೆ. ಇದನ್ನೆಲ್ಲ ಲಮಾಂಟನೇ ಹೇಳಿದ, ಎಲ್ಡನ್ ಕೇಳಿದ್ದಕ್ಕೆ.

"ಮಗಾ, ನಂಗೆ ಏನೂ ಗೊತ್ತಿಲ್ಲ. ನಿನ್ ಅಂಗಿ ಹರಿದಿತ್ತು, ಅದಕ್ಕೇ ಬೇಲಿ ಮೇಲೆ ಇರ್ಲಿಲ್ಲ. ಅಮ್ಮಂಗೆ ಮತ್ತೆ ಫೋನ್ ಮಾಡು."

ಲಮಾಂಟ್ ಅವನ ಹೆಗಲ ಮೇಲೆ ಕೈಯಿಟ್ಟ. "ಪರವಾಗಿಲ್ಲ ಮಿಸ್ಟರ್ ಶ್ರಾಮ್. ನೀವ್ ಒಳ್ಳೇವ್ರು. ಬೇಜಾರ್ ಮಾಡ್ಕೋಬೇಡಿ."

ಎಲ್ಡನ್ ನೇರ ನನ್ನ ಕೋಣೆಗೆ ಬಂದು ಗೊಬ್ಬರದ ಚೀಲದ ಮೇಲೆ ಕೂತ. ಬರುವಾಗ ಹಸಿಯಾಗಿದ್ದ ಗೆರೆಯೊಂದನ್ನು ಉದ್ದಕ್ಕೂ ತುಳಿದಿದ್ದ, ಕ್ಷಮೆಯನ್ನೂ ಕೇಳಲಿಲ್ಲ.

"ಆರ್ಲೋ, ಒಬ್ಬ ತಾಯಿ ಬರೋದನ್ನ ತಪ್ಪಿಸಿಬಿಟ್ಟೆ ಕಣೋ."

"ಹೋಗಿ ನಿಜ ಹೇಳು."

ಹೋದ. ಊಟದ ಹೊತ್ತು, ಕೆಫೆ ತುಂಬಿತ್ತು. ಬಾಗಿಲಲ್ಲೇ ನಿಂತು ಕೂಗಿದ: "ಕೇಳ್ರಪ್ಪಾ! ನಂಗೆ ಯಾವನು ಅಂತ ಗೊತ್ತಿಲ್ಲ! ಯಾವತ್ತೂ ಗೊತ್ತಿರ್ಲಿಲ್ಲ!"

ಡಾಕ್ಟರ್ ಪೀಬಾಡಿ ಚಮಚ ಕೆಳಗಿಟ್ಟರು. "ಕೋಚ್ ಬೈದ್ರಾ?"

"ಇಲ್ಲ."

"ಕೆಲ್ಸ ತೆಗೀತೀನಿ ಅಂದ್ರಾ?"

"ಅವರು ನನ್ ಹತ್ರ ಮಾತೇ ಆಡಿಲ್ಲ ಡಾಕ್ಟ್ರೇ! ನಮ್ಮಮ್ಮನ ಆಣೆಗೂ ಗೊತ್ತಿಲ್ಲ!"

"ನೋಡ್ರಿ," ಎಂದರು ಡಾಕ್ಟರು ಗಂಭೀರವಾಗಿ, ಸುತ್ತಲಿನವರಿಗೆ. "ಹೆತ್ತ ತಾಯಿ ಮೇಲೆ ಆಣೆ ಇಟ್ಟಾದ್ರೂ ಗುಟ್ಟು ಕಾಪಾಡ್ತಾನೆ. ನಿಯತ್ತು ಅಂದ್ರೆ ಇದು." ಇಡೀ ಕೆಫೆ ಎದ್ದು ಚಪ್ಪಾಳೆ ತಟ್ಟಿತು. ಮತ್ತೆ ಪೈ ಬಂತು.

ಮನೆಯಲ್ಲಿ ವರ್ನಾ ಬೇರೆ ಕಾದಿದ್ದಳು. "ಎಲ್ಡನ್, ಚರ್ಚಿನ ಹೆಂಗಸರೆಲ್ಲ ಇವತ್ತು ನಂಗೆ ಮುಂದಿನ ಸಾಲಲ್ಲಿ ಜಾಗ ಬಿಟ್ರು. ನೀನು ಏನ್ ಮಾಡ್ಕೊಂಡಿದೀಯ?" ಅವನು ಹೇಳಿದ. ವರ್ನಾ ಹೊಲಿಗೆ ಮುಗಿಸಿ ಹಲ್ಲಿನಿಂದ ದಾರ ಕಚ್ಚಿದಳು. "ಬಾಯಿ ಬಿಟ್ರೆ ಬಣ್ಣಗೇಡು ಅಂತಾರಲ್ಲ, ನಿನ್ನನ್ನ ನೋಡೇ ಹೇಳಿರ್ಬೇಕು. ತಗೋ, ಹನ್ನೆರಡು. ಇದನ್ನೂ ನಾಳೆ ಬೇಲಿ ಮೇಲೆ ಹಾಕು, ಸರಿಹೋಗುತ್ತೆ."

ಒಳ್ಳೆಯ ಸಲಹೆಯೇ. ಗುರುವಾರ ಬೆಳಿಗ್ಗೆ ಎಲ್ಡನ್ ಆ ಅಂಗಿಯನ್ನು ಬೇಲಿಗೆ ಹಾಕುವ ಮೊದಲು ಒಗೆಯಬೇಕಲ್ಲ ಎಂದುಕೊಂಡು ಯಂತ್ರಕ್ಕೆ ಹಾಕಿದ. ಮನಸ್ಸೆಲ್ಲ ಸೇಂಟ್ ಲೂಯಿಸ್‌ನ ಬಸ್ಸಿನಲ್ಲಿತ್ತು. ಏಳನೇ ಅಂಗಿಯನ್ನೂ ಜೊತೆಗೆ ಹಾಕಿದ. ನಲವತ್ತು ಬಿಳಿಯನ್ನೂ ಹಾಕಿದ. ಬಿಸಿನೀರು ತಿರುಗಿಸಿದ. ಆ ವರ್ಷದ ಕೆಂಪಂಗಿಗಳು ಹೊಸವು.

ಆ ಮಧ್ಯಾಹ್ನದ ಅಭ್ಯಾಸವನ್ನು ನಾನು ಗೆರೆಯ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಗುಲಾಬಿಯೂ ಅಲ್ಲ, ಕೆಂಪೂ ಅಲ್ಲ, ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣದ ನಲವತ್ತು ಹುಡುಗರು ಮೈದಾನಕ್ಕಿಳಿದರು. ಹಸಿರು ಪಂಗಡ ಬೆಪ್ಪಾಗಿ ನಿಂತಿತು. ಅವರಲ್ಲಿ ಎಲ್ಲರಿಗಿಂತ ದಪ್ಪಗಿದ್ದ ಹುಡುಗ ಕೈಯೆತ್ತಿದ.

"ಕೋಚ್, ಇದು ಕೆಂಪಾ?"

ಕೋಚ್ ವಾನೆಕ್ ಹತ್ತಿರ ಬಂದು ನೋಡಿದರು. ದೂರ ಹೋಗಿ ನೋಡಿದರು. ಟೊಪ್ಪಿಯ ನೆರಳು ಮಾಡಿಕೊಂಡು ನೋಡಿದರು. "ಒಂದ್ ಕಡೆಯಿಂದ ನೋಡಿದ್ರೆ ಕೆಂಪು..." ಎಂದು ಶುರುಮಾಡಿ, ಆ ವಾಕ್ಯವನ್ನು ಇವತ್ತಿನವರೆಗೂ ಮುಗಿಸಿಲ್ಲ.

ಮೆಟ್ಟಿಲು ಹತ್ತುವ ಶಿಕ್ಷೆ ಯಾರಿಗೆ ಬೇಕು? ಹಸಿರಂಗಿಯವರು ಯಾರನ್ನೂ ಮುಟ್ಟಲಿಲ್ಲ. ಚೆಂಡು ಹಿಡಿದು ಯಾರೇ ಎದುರಿಗೆ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ದಪ್ಪ ಹುಡುಗ ವೇಗ ತಡೆಯಲಾರದೆ ಒಬ್ಬನಿಗೆ ಸ್ವಲ್ಪ ತಗುಲಿದ, ತಕ್ಷಣ ನಿಂತು ಅವನ ಧೂಳು ಕೊಡವಿದ. ಒಂದೂವರೆ ಗಂಟೆಯಲ್ಲಿ ಡೇರಿಲ್ ಇಪ್ಪತ್ತಮೂರು ಸಲ ಗುರಿ ಮುಟ್ಟಿಸಿದ, ಲಮಾಂಟನೂ ಇಪ್ಪತ್ತಮೂರು ಸಲವೇ ಮುಟ್ಟಿಸಿದ. ಇಬ್ಬರನ್ನೂ ಕಟ್ಟಕಡೆಗೆ ತೂಗಿ ನೋಡಲು ಕೋಚ್ ಇಟ್ಟುಕೊಂಡಿದ್ದ ಅಭ್ಯಾಸ ಹೀಗೆ ಮಣ್ಣುಪಾಲಾಯಿತು. ಅವರು ತಲೆ ಮೇಲೆ ಕೈ ಹೊತ್ತು ಮೈದಾನದ ನಟ್ಟನಡುವಿನ ನನ್ನ ಐವತ್ತನೇ ಗಜದ ಗೆರೆಯ ಮೇಲೆಯೇ ಕೂತುಬಿಟ್ಟರು. ನಾನು ಏನೂ ಅನ್ನಲಿಲ್ಲ. ದುಃಖದಲ್ಲಿರುವವರಿಗೆ ವಿನಾಯಿತಿ ಇದೆ.

ಶುಕ್ರವಾರ ಬೆಳಿಗ್ಗೆ ಪಕ್ಕದ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಕದ್ದು ಕೇಳುವ ಅಭ್ಯಾಸ ನನಗಿಲ್ಲ. ಆದರೆ ಕಿವಿಯನ್ನು ಗೋಡೆಯಿಂದ ದೂರ ಇಡುವ ಅಭ್ಯಾಸವೂ ಇಲ್ಲ.

"ಎಲ್ಡನ್," ಕೋಚ್ ದನಿ. "ಊರೆಲ್ಲ ಹೇಳ್ತಿದೆ, ನಿಂಗೆ ಗೊತ್ತಿದೆ ಅಂತ."

"ತಪ್ಪಾಯ್ತು ಕೋಚ್. ಬಣ್ಣದ್ದೂ ತಪ್ಪಾಯ್ತು. ನನ್ನನ್ನ ಕೆಲ್ಸದಿಂದ..."

"ತಪ್ಪೇನಿಲ್ಲ. ಯಾರು ಹೇಳು."

"ಏನು ಯಾರು?"

"ನಾಳೆ ನಾನು ಯಾರನ್ನ ಆಡಿಸ್ತೀನಿ?"

ಎಲ್ಡನ್ ಒಗೆಯುವ ಯಂತ್ರವನ್ನು ನಿಲ್ಲಿಸಿದ ಸದ್ದು ಕೇಳಿಸಿತು.

"ಅದನ್ನ ನೀವಲ್ವಾ ಕೋಚ್ ಹೇಳ್ಬೇಕಾದ್ದು?"

"ಹೌದಪ್ಪಾ, ನಾನೇ ಹೇಳ್ಬೇಕು. ಏನಂತ ಹೇಳ್ಲಿ?"

"ನಂಗೊತ್ತಿಲ್ಲ."

"ಊರಿಗೆಲ್ಲ ತೋರಿಸ್ತೀಯ, ನಂಗೆ ಮಾತ್ರ ಮುಚ್ಚಿಡ್ತೀಯಾ?" ಕೋಚ್ ದನಿ ಒಡೆಯಿತು. "ಹದಿನೈದು ವರ್ಷ ಆಯ್ತು ಎಲ್ಡನ್ ನಾನಿಲ್ಲಿಗೆ ಬಂದು. ಮೂರು ವಾರದಿಂದ ನಿದ್ದೆ ಮಾಡಿಲ್ಲ ನಾನು. ಇಬ್ರೂ ಒಳ್ಳೇ ಹುಡುಗ್ರು. ಇಬ್ರೂ ಚೆನ್ನಾಗೇ ಎಸೀತಾರೆ. ಒಬ್ಬನ ಹೆಸರು ಹೇಳಿದ ತಕ್ಷಣ ಇನ್ನೊಬ್ಬನ ಮುಖ ಕಣ್ಮುಂದೆ ಬರುತ್ತೆ. ನಿಂಗೇನ್ ಗೊತ್ತಿದೆಯೋ ಅದನ್ನ ಹೇಳಿಬಿಡು, ನಿನ್ ಕೈ ಮುಗೀತೀನಿ."

ಗೋಡೆಯ ಈಚೆ ನಾನು ಕಿವಿಯನ್ನು ಹಲಗೆಗೆ ಒತ್ತಿದೆ. ಅಷ್ಟು ವರ್ಷ ಜೊತೆಗಿದ್ದವನು, ಎಲ್ಡನ್ನನ ಮನಸ್ಸು ನನಗೆ ಗೊತ್ತು. 'ಗೊತ್ತಿಲ್ಲ' ಎಂದರೆ ಕೋಚ್ ಊರು ಹೇಳಿದ ಏಳನ್ನೇ ಹಾಕುತ್ತಾರೆ, ಆ ತಾಯಿ ಬರುವುದಿಲ್ಲ. 'ಹನ್ನೆರಡು' ಎಂದರೆ ಆಕೆಗೆ ಹೊರಡಲು ಇನ್ನೂ ಸಮಯವಿದೆ, ಆದರೆ ಡಾಟ್ ಕೆಫೆ ಮುಚ್ಚಿ ಬಂದು ಕೂರುತ್ತಾಳೆ. ಎರಡರಲ್ಲಿ ಒಂದನ್ನು ಆರಿಸಬೇಕಾದ ಕಷ್ಟ ಏನೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ ಅವನ ಎದುರಿಗೇ ನಿಂತಿದ್ದ.

"ಹನ್ನೆರಡು," ಅಂದ ಎಲ್ಡನ್.

"ಯಾಕೆ?"

ಇದಕ್ಕೆ ಅವನು ಸಿದ್ಧನಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಹೇಳಿದ. "ಅವನು... ಒಗೆಯೋಕೆ ಕಾಲುಚೀಲ ಬಿಡಿಸಿ ಹಾಕ್ತಾನೆ ಕೋಚ್. ಏಳನೇ ನಂಬರಿನೋನು ಉಂಡೆ ಮಾಡಿ ಹಾಕ್ತಾನೆ."

 ಕೋಚ್ ದೀರ್ಘವಾಗಿ ಉಸಿರುಬಿಟ್ಟದ್ದು ಹಲಗೆ ದಾಟಿ ಬಂತು. "ಬಿಡಿಸಿ ಹಾಕ್ತಾನೆ," ಎಂದರು ತಮ್ಮಷ್ಟಕ್ಕೆ. ಪುಸ್ತಕ ತೆರೆದು ಬರೆದುಕೊಂಡ ಸದ್ದು ಕೇಳಿಸಿತು.

ಹತ್ತು ಗಂಟೆಗೆ ಆಡುವವರ ಹೆಸರಿನ ಚೀಟಿ ಅಂಟಿಸಿದರು. ಹನ್ನೆರಡು. ಊರಿಗೆ ಸಿಡಿಲು ಬಡಿದ ಹಾಗಾಯಿತು. ಬ್ಯಾಂಕಿನವರು ಏಣಿ ಹಾಕಿ ಹಲಗೆಯ ಏಳನ್ನು ಕೆಳಗಿಳಿಸಿದರು. ಡಾಕ್ಟರ್ ಪೀಬಾಡಿ ಮಾತ್ರ ಕದಲಲಿಲ್ಲ: "ಎಲ್ಡನ್ ಬುಧವಾರವೇ ಹೇಳಿದ್ದನಲ್ಲ, ಗೊತ್ತಿಲ್ಲ ಅಂತ. ಏಳು ಅಲ್ಲ ಅನ್ನೋದಕ್ಕೆ ಅದು ಸನ್ನೆ. ನಾವೇ ತಿಳ್ಕೊಳ್ಲಿಲ್ಲ." ಎಲ್ಡನ್ನನ ಮಾನ ಒಂದು ಮೊಳ ಇನ್ನೂ ಮೇಲೇರಿತು.

ಅವನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಾಸ್ಟೆಲಿಗೆ ಓಡಿದ್ದ. ಲಮಾಂಟ್ ಫೋನಿನ ಮುಂದೆ ನಿಂತಿದ್ದ. ಬೆಲ್ ಹೋಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಹನ್ನೊಂದಕ್ಕೆ ಮಾಡಿದ, ಒಂದಕ್ಕೆ ಮಾಡಿದ, ಸಂಜೆ ಊಟಕ್ಕೆ ಮುಂಚೆ ಮಾಡಿದ. "ರಜ ವಾಪಸ್ ಕೊಟ್ಟಿರ್ತಾಳೆ," ಅಂದ ಲಮಾಂಟ್. "ಡಬಲ್ ಪಾಳಿ ಮಾಡ್ತಿರ್ತಾಳೆ. ಇರ್ಲಿ ಬಿಡಿ." ಆಡುವ ಭಾಗ್ಯ ಬಂದ ಹುಡುಗನ ಮುಖ ಹಾಗಿರಬಾರದು.

ಎಲ್ಡನ್ ನನ್ನ ಗೊಬ್ಬರದ ಚೀಲದ ಮೇಲೆ ಮತ್ತೆ ಬಂದು ಕೂತ. "ಎರಡೂ ಕಡೆ ಕೆಡಿಸಿದೆ ಆರ್ಲೋ. ಆ ತಾಯೀನೂ ಬರಲ್ಲ. ಈ ತಾಯಿಗೂ ಇಲ್ಲ." ಅವನು ಅತ್ತ. ಐವತ್ತೊಂಬತ್ತು ವರ್ಷದ ಗಂಡಸು, ಬೀಟ್‌ರೂಟ್ ಬಣ್ಣದ ಅಂಗಿಯಲ್ಲಿ ಮುಖ ಒರೆಸಿಕೊಂಡು ಅತ್ತ.  ನಾನು ಎದ್ದು ಹೋಗಿ ಗೆರೆಗಳನ್ನೆಲ್ಲ ಇನ್ನೊಂದು ಸಲ ಎಳೆದೆ.

ಶನಿವಾರ ಒಂದೂವರೆಗೆ ಆಟ. ಡಾಟ್ ಕೆಫೆ ಮುಚ್ಚಿಯೇ ಬಂದಳು. ಬಾರದೆ ಇರುತ್ತಾಳೇನೋ ಎಂದು ನಾನೂ ಎಲ್ಡನ್ನೂ ಒಳಗೊಳಗೇ ಆಸೆಪಟ್ಟಿದ್ದೆವು. ಮದುವೆಗೆ ತೊಡುವ ನೀಲಿ ಗೌನು ತೊಟ್ಟು, ಮಡಿಲಲ್ಲಿ ಪೈ ಡಬ್ಬಿ ಇಟ್ಟುಕೊಂಡು ಮೂರನೇ ಸಾಲಿನಲ್ಲಿ ಒಬ್ಬಳೇ ಕೂತಳು. ಎರಡೂ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.  ನಾವಿಬ್ಬರೂ ಅವಳ ಹಿಂದಿನ ಸಾಲಿನಲ್ಲಿದ್ದೆವು.

ರಾಷ್ಟ್ರಗೀತೆ ಮುಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಎತ್ತರದ ಹೆಂಗಸು ಬಂದಳು. ಬಸ್ ಡ್ರೈವರ್ ಸಮವಸ್ತ್ರವನ್ನೂ ಬದಲಿಸಿರಲಿಲ್ಲ, ಅದು ಸುಕ್ಕುಸುಕ್ಕಾಗಿತ್ತು. ಡಾಟ್‌ಳ ಪಕ್ಕದ ಖಾಲಿ ಕುರ್ಚಿ ತೋರಿಸಿ, "ಇಲ್ಲಿ ಯಾರಾದ್ರೂ ಇದಾರೇನಮ್ಮಾ?" ಎಂದು ಕೇಳಿದಳು. ಡಾಟ್ ಇಲ್ಲವೆಂದು ತಲೆಯಾಡಿಸಿದಳು.

ಅ‍ಷ್ಟರಲ್ಲಿ ಧ್ವನಿವರ್ಧಕ ಕೂಗಿತು: "ಕ್ವಾರ್ಟರ್‌ಬ್ಯಾಕ್, ಹನ್ನೆರಡು, ಲಮಾಂಟ್ ಟೋಲಿವರ್!"

"ಅಯ್ಯೋ ದೇವ್ರೇ!" ಆ ಹೆಂಗಸು ಎದೆ ಹಿಡಿದುಕೊಂಡಳು. "ಬೆಂಚ್ ಮೇಲೆ ಕೂತಿರ್ತಾನೆ ಅಂತ ನೆಮ್ಮದಿಯಾಗಿ ಬಂದಿದ್ದೆ ನಾನು!"

ಎಲ್ಡನ್ ಮುಂದಕ್ಕೆ ಬಾಗಿದ.  "ಅಮ್ಮಾ, ನೀವು... ಬರ್ಬೇಡಿ ಅಂದಿದ್ನಲ್ಲ ನಿಮ್ ಮಗ?"

"ಅಂದಿದ್ದ. ಬರ್ಬೇಡ ಅಂದಾಗ್ಲೇ ಗೊತ್ತಾಯ್ತು, ಬರ್ಲೇಬೇಕು ಅಂತ. ಗೆದ್ದೋರ ಜೊತೆ ಕೂತ್ಕೊಳ್ಳೋಕೆ ಊರೆಲ್ಲ ಇರುತ್ತೆ. ಬೆಂಚ್ ಮೇಲಿರೋನ್ನ ನೋಡೋಕೆ ಅಮ್ಮ ಅಲ್ದೆ ಇನ್ಯಾರ್ ಬರ್ತಾರೆ? ನಿನ್ನೆ ಬೆಳಿಗ್ಗೆ ಪಾಳಿ ಮುಗ್ಸಿ ಹಾಗೇ ಹೊರಟೆ. ದಾರೀಲಿ ಕಾರು ಕೆಟ್ಟು, ಒಂದು ಗ್ಯಾರೇಜಲ್ಲೇ ರಾತ್ರಿಯೆಲ್ಲ ಕೂತೆ."

ಅಂದರೆ ಚೀಟಿ ಅಂಟಿಸುವ ಮೊದಲೇ ಹೊರಟಿದ್ದಳು. ಎಲ್ಡನ್ ಹೇಳಲಿ ಬಿಡಲಿ, ಹನ್ನೆರಡಾಗಲಿ ಏಳಾಗಲಿ, ಬಂದೇ ಬರುತ್ತಿದ್ದಳು.

ಡಾಟ್ ಈ ಮಾತನ್ನು ಕೇಳಿಸಿಕೊಂಡಳು. ಅವಳ ಕಣ್ಣು ಕೆಳಗೆ ಬೆಂಚಿನ ಕಡೆಗಿತ್ತು. ಅಲ್ಲಿ ಡೇರಿಲ್ ಶಿರಸ್ತ್ರಾಣದ ಪಟ್ಟಿಯನ್ನೂ ಬಿಚ್ಚದೆ, ಯಾವ ಕ್ಷಣದಲ್ಲಿ ಕರೆದರೂ ಎದ್ದುಹೋಗುವ ಹಾಗೆ ತುದಿಯಲ್ಲಿ ಕೂತಿದ್ದ. ಆಮೇಲೆ ಡಾಟ್ ನಿಧಾನವಾಗಿ ಡಬ್ಬಿ ತೆರೆದು ಒಂದು ತುಂಡು ಪೈ ಆ ಹೆಂಗಸಿನ ಕೈಗಿಟ್ಟಳು. "ತಿನ್ನಿ. ದೂರದಿಂದ ಬಂದಿದೀರ."

"ನಿಮ್ಮೋರು ಯಾರಾದ್ರೂ ಆಡ್ತಿದಾರಾ?"

"ನನ್ ಮಗ. ಅಗೋ, ಬೆಂಚ್ ಮೇಲೆ."

ಮಿಸೆಸ್ ಟೋಲಿವರ್ ಬೆಂಚು ನೋಡಿದಳು, ಡಾಟ್‌ಳನ್ನು ನೋಡಿದಳು. ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ನಾವು ಇಪ್ಪತ್ತು-ಹದಿನೇಳರಲ್ಲಿ ಗೆದ್ದೆವು. ಲಮಾಂಟ್ ಚೆನ್ನಾಗಿಯೇ ಆಡಿದ. ಡೇರಿಲನನ್ನು ಒಂದು ಸಲವೂ ಕರೆಯಲಿಲ್ಲ. ಮರುದಿನದ ಪತ್ರಿಕೆಗೆ ಕೋಚ್ ವಾನೆಕ್ ಹೇಳಿಕೆ ಕೊಟ್ಟರು: "ಸಣ್ಣ ಸಣ್ಣ ವಿಷಯಗಳಲ್ಲಿ ಶಿಸ್ತು ಇರುವವನನ್ನು ನಾನು ಮೊದಲಿನಿಂದಲೂ ಗುರುತಿಸಿಟ್ಟಿದ್ದೆ."

ಜನ ಮೈದಾನಕ್ಕೆ ನುಗ್ಗಿ ನನ್ನ ಗೆರೆಗಳನ್ನೆಲ್ಲ ಅಳಿಸಿಹಾಕಿದರು. ಗ್ಯಾಲರಿ ಖಾಲಿಯಾದಾಗ ಡಾಟ್ ಡಬ್ಬಿ ಮುಚ್ಚುತ್ತಿದ್ದಳು. ಎಲ್ಡನ್ ಎದ್ದು ಅವಳ ಎದುರಿಗೆ ಹೋಗಿ ಟೊಪ್ಪಿ ತೆಗೆದು ನಿಂತ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಡಾಟ್, ನಿನ್ ಮಗನ್ನ ತಪ್ಪಿಸಿದ್ದು ನಾನು. ಶುಕ್ರವಾರ ಕೋಚ್ ಬಂದು ಯಾರು ಅಂತ ನನ್ನನ್ನ ಕೇಳಿದ್ರು. ನಾನೇ ಹನ್ನೆರಡು ಅಂದೆ."

 ಡಾಟ್‌ಳ ಕಣ್ಣು ಒದ್ದೆಯಾಗಿತ್ತು, ಆದರೂ ಅವತ್ತು ಬೆಳಗಿನಿಂದ ಮೊದಲ ಸಲ ಸ್ವಲ್ಪ ನಕ್ಕಳು. ಕೈಚಾಚಿ ಅವನ ಕೋಟಿನ ಕಾಲರ್ ಸರಿಮಾಡಿದಳು.

"ಸಾಕು ಸುಮ್ನಿರೋ ಎಲ್ಡನ್. ನನ್ ದುಃಖ ಕಡಿಮೆ ಮಾಡೋಕೆ ಏನೇನೋ ಹೇಳ್ಬೇಡ. ಬಟ್ಟೆ ಒಗೆಯೋನ್ನ ಕೇಳಿ ಯಾವ ಕೋಚಾದ್ರೂ ಆಟಗಾರನ್ನ ಆರಿಸ್ತಾನಾ?"